ಸಿ-ವಿಜಿಲ್ ಆ್ಯಪ್: ಬ್ಯಾನರಿನ ವಿಷಯದಲ್ಲಿ ಚುರುಕು, ದ್ವೇಷದ ವಿಷಯದಲ್ಲಿ ಮಂದ

ಚುನಾವಣಾ ನೀತಿಸಂಹಿತೆಯ ಉಲ್ಲಂಘನೆಯನ್ನು ಸಾಮಾನ್ಯ ಮತದಾರರೇ ಮೊಬೈಲಿನಿಂದ ದೂರಬಹುದಾದ ಸಿ-ವಿಜಿಲ್ ಆ್ಯಪನ್ನು ಭಾರತದ ಚುನಾವಣಾ ಆಯೋಗವು 2018ರ ಜುಲೈ ತಿಂಗಳಲ್ಲಿ ಬಿಡುಗಡೆ ಮಾಡಿತು. 2023ರ ವಿಧಾನಸಭಾ ಚುನಾವಣೆಯಲ್ಲೂ 2024ರ ಲೋಕಸಭಾ ಚುನಾವಣೆಯಲ್ಲೂ ನಾನು ಇದನ್ನು ಬಳಸಿದ್ದೇನೆ. ಕೊಡಗಿನ ಸಿದ್ದಾಪುರದ ಸಮೀಪ ವಾಸಿಸುವ, ನಿವೃತ್ತಿಯವರೆಗೆ ಶಾಲೆಯಲ್ಲಿ ಪಾಠ ಹೇಳಿದ, ಮನೆಯೊಳಗೆ ಮಲಯಾಳವನ್ನೂ ಹೊರಗೆ ಕನ್ನಡವನ್ನೂ ಆಡುವ ಒಬ್ಬ ಮತದಾರಳಾಗಿ ನನಗೆ ಇದರಿಂದ ಬೇಕಾಗಿದ್ದ ಪ್ರಯೋಜನವೇ ಬೇರೆಯಾಗಿತ್ತು. ಚುನಾವಣೆ ಘೋಷಣೆಯಾದ ಮರುದಿನದಿಂದಲೇ ಊರಿನಲ್ಲಿ ಜನರನ್ನು ಪಂಗಡಗಳಾಗಿ ವಿಂಗಡಿಸಿ, ಒಂದೊಂದು ಪಂಗಡದ ಮೇಲೂ ಕೆಸರೆರಚುವ ಮಾತುಗಳು ಹರಿದಾಡುತ್ತವೆ. ಅದಕ್ಕೆ ಈ ಆ್ಯಪಿನಲ್ಲಿ ಮದ್ದಿದೆಯೇ ಎಂಬ ದೃಷ್ಟಿಯಿಂದಲೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಆ್ಯಪಿನ ಕಾರ್ಯವಿಧಾನ ಸರಳವಾಗಿದೆ. ಉಲ್ಲಂಘನೆ ನಡೆಯುತ್ತಿರುವ ಸ್ಥಳದಲ್ಲೇ ನಿಂತು, ಆ್ಯಪಿನ ಒಳಗಿನಿಂದಲೇ ಫೋಟೊ, ಧ್ವನಿ ಅಥವಾ ಎರಡು ನಿಮಿಷ ಮೀರದ ವಿಡಿಯೊ ತೆಗೆದು, ಐದು ನಿಮಿಷಗಳೊಳಗೆ ಕಳುಹಿಸಬೇಕು. ಸ್ಥಳ ಯಾವುದೆಂಬುದು ಜಿಪಿಎಸ್ ಮೂಲಕ ತಾನಾಗಿಯೇ ದಾಖಲಾಗುತ್ತದೆ. ಮೊದಲೇ ತೆಗೆದಿಟ್ಟ ಚಿತ್ರವನ್ನು ಗ್ಯಾಲರಿಯಿಂದ ಹಾಕಲು ಅವಕಾಶವಿಲ್ಲ. ಹಳೆಯ ಫೋಟೊ ಹಾಕಿ ಎದುರಾಳಿಯನ್ನು ಸಿಕ್ಕಿಸುವವರಿಗೆ ಇದು ಒಳ್ಳೆಯ ತಡೆ. ದೂರು ಜಿಲ್ಲಾ ನಿಯಂತ್ರಣ ಕೊಠಡಿಗೆ ಹೋಗಿ, ಅಲ್ಲಿಂದ ಫ್ಲೈಯಿಂಗ್ ಸ್ಕ್ವಾಡಿಗೆ ತಲುಪಿ, ತಂಡವು ಸ್ಥಳಕ್ಕೆ ಬಂದು ಪರಿಶೀಲಿಸಿ, ಚುನಾವಣಾಧಿಕಾರಿ ತೀರ್ಮಾನ ಕೊಡುವವರೆಗೆ ಒಟ್ಟು 100 ನಿಮಿಷಗಳ ಗಡುವಿದೆ. ಹೆಸರು ಹೇಳದೆಯೂ ದೂರು ಕೊಡಬಹುದು. ಎಲ್ಲರಿಗೂ ಎಲ್ಲರ ಮನೆಯ ವಿಚಾರವೂ ಗೊತ್ತಿರುವ ನಮ್ಮಂಥ ಊರಿನಲ್ಲಿ ಈ ಕೊನೆಯ ಅನುಕೂಲವೊಂದಕ್ಕೇ ನಾನು ಹೆಚ್ಚು ಅಂಕ ಕೊಡುತ್ತೇನೆ.

ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಉಲ್ಲಂಘನೆಗಳ ಮಟ್ಟಿಗೆ ಇದು ಹೇಳಿದ ಕೆಲಸವನ್ನು ಮಾಡುತ್ತದೆ. ಬಸ್ ತಂಗುದಾಣದ ಗೋಡೆಗೆ ಯಾರೋ ರಾತ್ರೋರಾತ್ರಿ ಒಂದು ಬ್ಯಾನರು ಕಟ್ಟಿದ್ದರು. ಕೆಳಗೆ ಮುದ್ರಕರ ಹೆಸರೂ ಇರಲಿಲ್ಲ, ಪ್ರಕಾಶಕರ ಹೆಸರೂ ಇರಲಿಲ್ಲ; ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಅವೆರಡೂ ಇರಲೇಬೇಕು. ಹಾಲು ತರಲು ಹೋದವಳು ಅಲ್ಲೇ ನಿಂತು ಫೋಟೊ ಕಳುಹಿಸಿದೆ. ಸಂಜೆ ಅದೇ ದಾರಿಯಲ್ಲಿ ಹೋಗುವಾಗ ಬ್ಯಾನರು ಇರಲಿಲ್ಲ, ಹಗ್ಗದ ತುಂಡುಗಳು ಮಾತ್ರ ಕಂಬಕ್ಕೆ ನೇತಾಡುತ್ತಿದ್ದವು. ರಾತ್ರಿ ಹತ್ತರ ಬಳಿಕ ಧ್ವನಿವರ್ಧಕ ಹಚ್ಚಿದವರ ವಿಷಯದಲ್ಲೂ ನೆರೆಯವರೊಬ್ಬರಿಗೆ ಇದೇ ಬಗೆಯ ಅನುಭವವಾಯಿತು. ಸರ್ಕಾರಿ ವ್ಯವಸ್ಥೆಯೊಂದು ಮತದಾರರ ದೂರಿಗೆ ಇಷ್ಟು ಬೇಗ ಓಗೊಡುವುದು ಅಪರೂಪ, ಅದನ್ನು ಮೆಚ್ಚಲೇಬೇಕು.

ದೇಶದ ಒಟ್ಟು ಚಿತ್ರವೂ ಹೀಗೆಯೇ ಇದೆ. 2024ರ ಲೋಕಸಭಾ ಚುನಾವಣೆ ಘೋಷಣೆಯಾದ ಬಳಿಕ ಮಾರ್ಚ್ 29ರ ಹೊತ್ತಿಗೆ ಆ್ಯಪಿಗೆ 79,000ಕ್ಕೂ ಹೆಚ್ಚು ದೂರುಗಳು ಬಂದಿದ್ದವು, ಅವುಗಳಲ್ಲಿ ಶೇ 99ರಷ್ಟು ಇತ್ಯರ್ಥವಾಗಿದ್ದವು ಎಂದು ಆಯೋಗವೇ ಪ್ರಕಟಿಸಿತ್ತು. ಶೇ 89ರಷ್ಟು ದೂರುಗಳು 100 ನಿಮಿಷಗಳೊಳಗೇ ಮುಗಿದಿದ್ದವು. ಆದರೆ ಅದೇ ಪ್ರಕಟಣೆಯ ಇನ್ನೊಂದು ಅಂಕಿಯನ್ನು ಗಮನಿಸಬೇಕು: ಒಟ್ಟು ದೂರುಗಳಲ್ಲಿ 58,500ಕ್ಕೂ ಹೆಚ್ಚು, ಅಂದರೆ ಶೇ 73ರಷ್ಟು, ಅಕ್ರಮ ಹೋರ್ಡಿಂಗ್ ಮತ್ತು ಬ್ಯಾನರುಗಳಿಗೆ ಸಂಬಂಧಿಸಿದ್ದವು. ಹಣ, ಉಡುಗೊರೆ, ಮದ್ಯ ಹಂಚಿಕೆಯ ಬಗ್ಗೆ ಬಂದವು 1,400ರ ಆಸುಪಾಸು. ಬಂದೂಕು ಪ್ರದರ್ಶನ ಮತ್ತು ಬೆದರಿಕೆಯ ದೂರುಗಳು 535. (ಕೋವಿಯನ್ನು ಪೂಜಿಸುವ, ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವ ನಮ್ಮ ಜಿಲ್ಲೆಯಲ್ಲಿ ಈ ಕಾಲಂ ನೋಡಿದಾಗಲೆಲ್ಲ ನನಗೆ ಸಣ್ಣ ನಗು ಬರುತ್ತದೆ. ನಮ್ಮಲ್ಲಿ ಚುನಾವಣೆಯ ಹೊತ್ತಿನಲ್ಲಿ ಹೆದರಿಕೆ ಹುಟ್ಟಿಸುವುದು ಕೋವಿಯಲ್ಲ, ಬಾಯಿ.) ಕಿತ್ತುಹಾಕಬಹುದಾದುದನ್ನೇ ಜನ ಹೆಚ್ಚಾಗಿ ದೂರುತ್ತಾರೆ, ಕಿತ್ತುಹಾಕಲು ಬಾರದಿರುವುದು ಆ್ಯಪಿನವರೆಗೆ ಬರುವುದೇ ಕಡಿಮೆ.

ನನ್ನ ಅಸಮಾಧಾನ ಇಲ್ಲಿಂದ ಆರಂಭವಾಗುತ್ತದೆ. 2024ರ ಏಪ್ರಿಲ್ ತಿಂಗಳಲ್ಲಿ, ಕಾಫಿಗೆ ಹೂಮಳೆ ಸಾಲದೆ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳಲ್ಲಿ, ದಿನಸಿ ಅಂಗಡಿಯಲ್ಲಿ ಸಾಮಾನಿಗೆ ಕಾಯುತ್ತಿದ್ದೆ. ಯಾರು ಗೆಲ್ಲಬಹುದು ಎಂದು ನಾಲ್ಕು ಜನ ಮಾತನಾಡುತ್ತಿದ್ದರು. ನಾನೂ ಒಂದು ಮಾತು ಸೇರಿಸಲು ಹೋದಾಗ, ವರ್ಷಗಳಿಂದ ಪರಿಚಯವಿರುವವರೊಬ್ಬರು ನಗುತ್ತಲೇ, “ಟೀಚರೇ, ನಿಮ್ಮವರದ್ದು ಕೇಳಲಿಕ್ಕೇನುಂಟು? ಅದು ಮೊದಲೇ ಗೊತ್ತುಂಟಲ್ಲ” ಎಂದರು. ಅವರ ಮಗನಿಗೆ ನಾನೇ ಅಕ್ಷರ ಕಲಿಸಿದ್ದೆ. ನಾನು ಯಾರಿಗೆ ಮತ ಹಾಕುತ್ತೇನೆಂದು ನನ್ನ ಗಂಡನಿಗೂ ಹೇಳಿದವಳಲ್ಲ. ಆದರೂ ನನ್ನ ಹೆಸರನ್ನೂ ಮನೆಮಾತನ್ನೂ ನೋಡಿ ಅವರು ನನ್ನ ಮತವನ್ನು ಎಣಿಸಿ ಮುಗಿಸಿದ್ದರು. “ಗೊತ್ತಿದ್ದರೆ ನನಗೂ ಸ್ವಲ್ಪ ಹೇಳಿ, ನಾನಿನ್ನೂ ತೀರ್ಮಾನ ಮಾಡಿಲ್ಲ” ಎಂದು ಉತ್ತರಿಸಿದೆ. ಉಳಿದವರು ನಕ್ಕರು, ಅವರು ನಗಲಿಲ್ಲ. ಇದು ಅಪರಾಧವಲ್ಲ, ಯಾವ ಆ್ಯಪಿಗೂ ಹೋಗಬೇಕಾದ ದೂರೂ ಅಲ್ಲ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅದು ನನ್ನನ್ನು ಕೊರೆಯಿತು. ಮತದಾನದ ಗುಟ್ಟನ್ನು ಕಾಯ್ದೆ ಕಾಪಾಡುತ್ತದೆ; ಜನರ ಊಹೆಯಿಂದ ಅದನ್ನು ಕಾಪಾಡುವವರು ಯಾರು ಎಂದು ಯೋಚಿಸುತ್ತಾ ನಡೆದೆ.

ಇದಕ್ಕಿಂತ ಗಂಭೀರವಾದದ್ದು ಅದೇ ವಾರ ವಾಟ್ಸ್ಆ್ಯಪಿನಲ್ಲಿ ಬಂತು. ತೋಟಗಳ ಲೈನ್‌ಮನೆಗಳಲ್ಲಿ ವಾಸಿಸುವ ಅಸ್ಸಾಮಿನ ಕಾರ್ಮಿಕರೆಲ್ಲ ವಿದೇಶಿಯರೆಂದೂ, ಅವರ ಹೆಸರುಗಳನ್ನು ನಮ್ಮ ಮತದಾರರ ಪಟ್ಟಿಗೆ ಗುಟ್ಟಾಗಿ ಸೇರಿಸಲಾಗಿದೆಯೆಂದೂ ಹೇಳುವ ಒಂದು ಧ್ವನಿ ಸಂದೇಶ ಅದು. ಮಾತನಾಡಿದವರು ಯಾರೆಂದು ತಿಳಿಯದು. “ಇದನ್ನು ಹತ್ತು ಗುಂಪಿಗೆ ಕಳಿಸಿ” ಎಂಬ ಆಜ್ಞೆ ಮಾತ್ರ ಸ್ಪಷ್ಟವಾಗಿತ್ತು. ಕಾಫಿ ಕೊಯ್ಲಿನ ಕಾಲದಲ್ಲಿ ಅದೇ ಕಾರ್ಮಿಕರನ್ನು ಮಾಲೀಕರು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಳ್ಳುವುದನ್ನು ಪ್ರತಿವರ್ಷ ನೋಡುತ್ತಿರುವ ನಮಗೆ, ಚುನಾವಣೆ ಬಂದ ಕೂಡಲೇ ಅವರು ಅಪಾಯಕಾರಿಗಳಾಗಿಬಿಡುವುದು ವಿಚಿತ್ರವೆನಿಸಬೇಕಿತ್ತು. ಗುಂಪಿನಲ್ಲಿ ಯಾರಿಗೂ ಅನಿಸಿದಂತೆ ಕಾಣಲಿಲ್ಲ.

ಸಂದೇಶವನ್ನು ಕೇಳಿದ ಮೇಲೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಿಂದ ನಮ್ಮ ಮತಗಟ್ಟೆಯ ಪಟ್ಟಿಯನ್ನು ಇಳಿಸಿಕೊಂಡು, ಪುಟ ಪುಟವನ್ನೂ ಓದಿದೆ. ಅಂಥ ಹೆಸರುಗಳು ಅದರಲ್ಲಿ ಇರಲಿಲ್ಲ. ಬದಲಿಗೆ ತೀರಿಹೋದ ಇಬ್ಬರು ಹಿರಿಯರ ಹೆಸರುಗಳು ಇನ್ನೂ ಇದ್ದವು. ಯಾರ ಹೆಸರಿನ ಬಗ್ಗೆಯಾದರೂ ನಿಜವಾದ ಆಕ್ಷೇಪವಿದ್ದರೆ ನಮೂನೆ 7ರಲ್ಲಿ, ತನ್ನ ಹೆಸರು ಬರೆದು, ಸಹಿ ಮಾಡಿ ಸಲ್ಲಿಸಲು ಅವಕಾಶವಿದೆ. ಸುಳ್ಳು ಹೇಳಿಕೆ ಕೊಟ್ಟರೆ ಶಿಕ್ಷೆಯೂ ಇದೆ. ಧ್ವನಿ ಸಂದೇಶ ಮಾಡುವವರಿಗೆ ಆ ಸಹಿಯೇ ಕಷ್ಟ. ಪಟ್ಟಿಯ ವಿಷಯವನ್ನು ಗುಂಪಿನಲ್ಲಿ ಬರೆದೆ. ಒಬ್ಬರು ಹೆಬ್ಬೆರಳಿನ ಚಿತ್ರ ಹಾಕಿದರು, ಇನ್ನೊಬ್ಬರು ಗುಂಪಿನಲ್ಲಿ ರಾಜಕೀಯ ಬೇಡವೆಂದು ನನಗೆ ಬುದ್ಧಿ ಹೇಳಿದರು. ಧ್ವನಿ ಸಂದೇಶ ಹಾಕಿದವರಿಗೆ ಮಾತ್ರ ಯಾರೂ ಹಾಗೆ ಹೇಳಿರಲಿಲ್ಲ.

ಈ ಸಂದೇಶವನ್ನು ಸಿ-ವಿಜಿಲ್‌ನಲ್ಲಿ ಹೇಗೆ ದೂರಬೇಕು? ಆ್ಯಪಿನ ವರ್ಗಗಳ ಪಟ್ಟಿಯಲ್ಲಿ ಧಾರ್ಮಿಕ ಅಥವಾ ಕೋಮು ಭಾಷಣ ಮತ್ತು ಸಂದೇಶಗಳಿಗೆ ಪ್ರತ್ಯೇಕ ಆಯ್ಕೆಯೇ ಇದೆ. ಆದರೆ ಇಡೀ ವ್ಯವಸ್ಥೆ ನಿಂತಿರುವುದು ಸ್ಥಳದ ಮೇಲೆ: ಇಲ್ಲಿ, ಈಗ, ಈ ಜಾಗದಲ್ಲಿ ನಡೆಯುತ್ತಿರುವ ಕೃತ್ಯಕ್ಕೆ ಒಂದು ತಂಡವನ್ನು ಕಳುಹಿಸುವುದು ಅದರ ತರ್ಕ. ಫಾರ್ವರ್ಡ್ ಆಗಿ ಬಂದ ಸಂದೇಶಕ್ಕೆ ಸ್ಥಳವೆಲ್ಲಿದೆ? ನನ್ನ ಅಡುಗೆಮನೆಯ ಜಿಪಿಎಸ್ ಹಿಡಿದು ಫ್ಲೈಯಿಂಗ್ ಸ್ಕ್ವಾಡು ಬಂದರೆ ಅವರಿಗೆ ಸಿಗುವವಳು ನಾನೊಬ್ಬಳೇ. ಇಂಥ ದೂರುಗಳಿಗೆ 1950 ಸಹಾಯವಾಣಿ ಇದೆ, ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇದೆ. ಆದರೆ ಆ್ಯಪಿನಿಂದ ಅಲ್ಲಿಗೆ ಒಂದು ನೇರ ದಾರಿ ಮಾಡಿಕೊಟ್ಟಿದ್ದರೆ ಮತದಾರರು ಅರ್ಧದಲ್ಲೇ ಕೈಬಿಡುತ್ತಿರಲಿಲ್ಲ.

ಬಹಿರಂಗ ಸಭೆಗಳ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಪಳಗಿದ ಭಾಷಣಕಾರರು ಯಾವ ಸಮುದಾಯದ ಹೆಸರನ್ನೂ ಎತ್ತುವುದಿಲ್ಲ. “ಹೊಳೆಯಾಚೆಯವರು” ಎನ್ನುತ್ತಾರೆ, “ನಿಮಗೆ ಗೊತ್ತಲ್ಲ” ಎಂದು ನಿಲ್ಲಿಸುತ್ತಾರೆ, ಉಳಿದದ್ದನ್ನು ಜನರ ನಗು ಪೂರ್ತಿ ಮಾಡುತ್ತದೆ. ಎರಡು ನಿಮಿಷಗಳ ವಿಡಿಯೊದಲ್ಲಿ ಅದನ್ನು ಹಿಡಿದರೂ ನೋಡುವ ಅಧಿಕಾರಿಗೆ ಒಬ್ಬರು ನಿಂತು ಹೊಳೆಯ ಬಗ್ಗೆ ಮಾತನಾಡುತ್ತಿರುವುದಷ್ಟೇ ಕಾಣುತ್ತದೆ. ನೂರು ನಿಮಿಷಗಳಲ್ಲಿ ಬ್ಯಾನರು ತೆಗೆಸಬಹುದು. ಒಂದು ವ್ಯಂಗ್ಯದ ಅರ್ಥವನ್ನು ನಿರ್ಣಯಿಸುವುದು ಅಷ್ಟು ಸುಲಭವಲ್ಲ, ಮತ್ತು ಅದನ್ನು ಅವಸರದಲ್ಲಿ ಮಾಡಬಾರದೆಂಬುದನ್ನೂ ನಾನು ಒಪ್ಪುತ್ತೇನೆ.

ಕಾನೂನು ಬಲಹೀನವಾಗಿದೆ ಎಂದು ಹೇಳುವಂತಿಲ್ಲ. ಜಾತಿ, ಧರ್ಮ, ಭಾಷೆಗಳ ನಡುವಿನ ಭೇದವನ್ನು ಉಲ್ಬಣಗೊಳಿಸುವ ಅಥವಾ ಪರಸ್ಪರ ದ್ವೇಷ ಹುಟ್ಟಿಸುವ ಯಾವ ಚಟುವಟಿಕೆಯಲ್ಲೂ ಪಕ್ಷಗಳು ತೊಡಗಬಾರದೆಂಬುದು ಮಾದರಿ ನೀತಿಸಂಹಿತೆಯ ಮೊಟ್ಟಮೊದಲ ಅಂಶ. ಚುನಾವಣೆಗೆ ಸಂಬಂಧಿಸಿ ವರ್ಗಗಳ ನಡುವೆ ವೈರ ಬೆಳೆಸುವವರಿಗೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 125ನೇ ಕಲಂ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದನ್ನು ನಿಷೇಧಿಸುವ 123(3) ಕಲಂ ಅಭ್ಯರ್ಥಿಯ ಧರ್ಮಕ್ಕಷ್ಟೇ ಅಲ್ಲ, ಮತದಾರರ ಧರ್ಮಕ್ಕೂ ಅನ್ವಯಿಸುತ್ತದೆಯೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿಯಲ್ಲಿ 4–3ರ ಬಹುಮತದಿಂದ ತೀರ್ಪು ಕೊಟ್ಟಿದೆ. ಇಷ್ಟೆಲ್ಲ ಪುಸ್ತಕದಲ್ಲಿದ್ದೂ, ಮತದಾರರ ಕೈಗೆ ಕೊಟ್ಟ ಉಪಕರಣವು ಹಗ್ಗ, ಬಟ್ಟೆ, ಮೈಕುಗಳ ಮಟ್ಟದಲ್ಲೇ ನಿಂತುಬಿಟ್ಟಿದೆ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಹಿಂದೆ ಕೊಡಗಿನಲ್ಲಿ ಚುನಾವಣಾ ಜಗಳವಿರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರ ಚುನಾವಣೆಯಲ್ಲಿ, ನೆರೆಯ ರಾಜ್ಯದೊಂದಿಗೆ ವಿಲೀನವಾಗಬೇಕೇ ಬೇಡವೇ ಎಂಬ ವಿಷಯದಲ್ಲಿ ಊರುಗಳೇ ಎರಡಾಗಿದ್ದವು. 24 ಸ್ಥಾನಗಳಲ್ಲಿ ಕಾಂಗ್ರೆಸ್ 15ನ್ನೂ, ವಿಲೀನವನ್ನು ವಿರೋಧಿಸಿದ ತಕ್ಕಡಿ ಗುರುತಿನವರು 9ನ್ನೂ ಗೆದ್ದರು. ಅಂದಿನ ಕಾವಿನ ಬಗ್ಗೆ ಹಿರಿಯರಿಂದ ಕೇಳಿದ್ದೇನೆ, ಮಾತುಬಿಟ್ಟ ಮನೆಗಳೂ ಇದ್ದವಂತೆ. ಆದರೆ ಅದು ಒಂದು ನಿಲುವಿನ ವಿರುದ್ಧದ ಸಿಟ್ಟು. ನಿಲುವನ್ನು ಬದಲಿಸಿಕೊಳ್ಳಬಹುದು, ವಾದಿಸಿ ಸೋಲಬಹುದು, ಗೆಲ್ಲಬಹುದು. ಹುಟ್ಟಿನ ಮೇಲೆ ಬರುವ ಸಿಟ್ಟಿನೊಂದಿಗೆ ವಾದಿಸುವುದು ಹೇಗೆಂದು ನನಗೆ ತಿಳಿದಿಲ್ಲ.

ನಮ್ಮ ಜಿಲ್ಲೆಯವರು ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಆ್ಯಪಿಗೆ ಅಂತರ್ಜಾಲವೂ ಜಿಪಿಎಸ್ಸೂ ಬೇಕು, ಐದು ನಿಮಿಷಗಳ ಗಡುವೂ ಇದೆ. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದೆ ಏರುದಾರಿಯ ತುದಿಗೆ ಓಡಬೇಕಾದ ತೋಟದ ಒಳಭಾಗಗಳಲ್ಲಿ ಈ ಗಡುವು ನಗರದವರ ಲೆಕ್ಕದಂತಿದೆ. ಎರಡನೆಯದಾಗಿ, ಇದು ಭಾರತದ ಚುನಾವಣಾ ಆಯೋಗದ ಆ್ಯಪು. ಗ್ರಾಮ ಪಂಚಾಯಿತಿ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಆದ್ದರಿಂದ ಆ ಹೊತ್ತಿನಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ. ಪಕ್ಷದ ಚಿಹ್ನೆಗಳಿಲ್ಲದ ಆ ಚುನಾವಣೆಯಲ್ಲೇ ಮನೆತನ, ಜಾತಿ, ಮನೆಮಾತುಗಳ ಲೆಕ್ಕ ಅತ್ಯಂತ ನಗ್ನವಾಗಿ ನಡೆಯುತ್ತದೆ ಎಂಬುದು ಹಳ್ಳಿಯಲ್ಲಿ ಬದುಕುವ ಎಲ್ಲರಿಗೂ ಗೊತ್ತು.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ವಿಧಾನಸಭೆ, ಲೋಕಸಭೆ ಚುನಾವಣೆ ಬಂದಾಗ ಇಳಿಸಿಕೊಳ್ಳಿ. ಬ್ಯಾನರು, ಮೈಕು, ಹಣ, ಮದ್ಯದ ವಿಷಯದಲ್ಲಿ ಹಿಂಜರಿಯದೆ ಬಳಸಿ, ಹೆಸರು ಮುಚ್ಚಿಡಬೇಕಿದ್ದರೆ ಮುಚ್ಚಿಡಿ. ದ್ವೇಷದ ಸಂದೇಶ ಬಂದರೆ ಅದನ್ನು ಅಳಿಸಬೇಡಿ, ಮುಂದಕ್ಕೂ ಕಳುಹಿಸಬೇಡಿ; ಬಂದ ದಿನಾಂಕ, ಸಮಯ, ಗುಂಪಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು 1950ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಮತದಾರರ ಪಟ್ಟಿಯ ಬಗ್ಗೆ ಯಾರಾದರೂ ಏನಾದರೂ ಹೇಳಿದರೆ ಪಟ್ಟಿಯನ್ನೇ ತೆರೆದು ಓದಿ, ಅದಕ್ಕೆ ಒಂದು ಸಂಜೆ ಸಾಕು.