ಶೃಂಗೇರಿ ಲಾಡ್ಜಾ, ಕಿಗ್ಗದ ಮನೆಯಾ, ಆಗುಂಬೆಯಾ?

ಶೃಂಗೇರಿ ಕಡೆ ಸುತ್ತೋಕೆ ಎಲ್ಲಿ ಉಳ್ಕೊಳ್ಳೋದು ಅಂತ ಯಾರಾದ್ರೂ ಕೇಳ್ತಾನೇ ಇರ್ತಾರೆ, ಮೂರೂ ಕಡೆ ಇದ್ದು ಬಂದಿದೀನಿ, ನನ್ನ ಓಟು ಕಿಗ್ಗಕ್ಕೆ. ಆದ್ರೆ ಬೈಕೋ ಕಾರೋ ಇದ್ರೆ ಮಾತ್ರ.

ಮೊದಲ ಸಲ ಅಮ್ಮನ ಜೊತೆ ಶೃಂಗೇರಿ ಲಾಡ್ಜಲ್ಲಿದ್ವಿ. ಬಸ್ಸಿಳಿದ್ರೆ ರೂಮು, ಮಧ್ಯಾಹ್ನ ಮಠದಲ್ಲಿ ಊಟ, ವಿದ್ಯಾಶಂಕರ ದೇವಸ್ಥಾನದ 12 ರಾಶಿ ಕಂಬ ನೋಡ್ಕೊಂಡು ತುಂಗೆ ಮೆಟ್ಟಿಲ ಮೇಲೆ ಮೀನು ನೋಡ್ತಾ ಕೂತ್ರೆ ಅಮ್ಮಂಗೆ ಅಷ್ಟೇ ಸಾಕು. ನಂಗೆ ಸಾಲ್ಲಿಲ್ಲ. ಸಿರಿಮನೆ ಫಾಲ್ಸಿಗೆ ನಾವು ಹೋಗೋ ಹೊತ್ತಿಗೆ ಊರಿಗೂರೇ ಅಲ್ಲಿತ್ತು, ನೀರಿಗಿಂತ ಸೆಲ್ಫಿ ಸ್ಟಿಕ್ಕೇ ಜಾಸ್ತಿ ಕಾಣಿಸ್ತು.

ಕಿಗ್ಗ ಶೃಂಗೇರಿಯಿಂದ ಸುಮಾರು 10 ಕಿಮೀ, ಅಷ್ಟೇ ದೂರ, ಆದ್ರೆ ಲೆಕ್ಕಾನೇ ಬೇರೆ. ಅಡಿಕೆ ತೋಟದ ಮಧ್ಯೆ ಒಂದು ಮನೆ, ಬಚ್ಚಲ ಹಂಡೇಲಿ ಬಿಸಿನೀರು, ಬೆಳಿಗ್ಗೆ ಕಡುಬು ಚಟ್ನಿ. ಸಿರಿಮನೆ ಅಲ್ಲಿಂದ ಬರೀ 5 ಕಿಮೀ, ಏಳೂವರೆಗೆ ಬೈಕ್ ತಗೊಂಡು ಹೋದ್ರೆ ನಾವಿಬ್ರೇ, ವಾಪಸ್ ಬರುವಾಗ ಟೆಂಪೋ ಟ್ರಾವೆಲರ್‌ಗಳು ಎದುರು ಬರ್ತಿದ್ವು. ನರಸಿಂಹ ಪರ್ವತ ಹತ್ತೋಕೂ ಇಲ್ಲಿಂದ ದಾರಿ ಇದೆ, ಅರಣ್ಯ ಇಲಾಖೆ ಪರ್ಮಿಶನ್ ಮೊದ್ಲೇ ಮಾಡಿಸ್ಕೊಳ್ಳಿ. ಋಷ್ಯಶೃಂಗೇಶ್ವರ ದೇವಸ್ಥಾನ ಇರೋ ಊರು, ಮಳೆ ಬೇಕಾದ್ರೂ ಸಾಕಾದ್ರೂ ಜನ ಬರೋದು ಇಲ್ಲಿಗೇ. ನಾವು ಎರಡು ದಿನ ಸಾಕಪ್ಪಾ ಅಂತ ಕೈ ಮುಗಿದ್ವಿ, ಕೇಳಿಸ್ಲಿಲ್ಲ.

ತೊಂದ್ರೆ ಇಲ್ವಾ ಅಂದ್ರೆ ಇದೆ. ಸಂಜೆ ಆಯ್ತು ಅಂದ್ರೆ ಬಸ್ಸು ನೆಚ್ಕೊಳ್ಳೋ ಹಾಗಿಲ್ಲ, ಫೋನ್ ಸಿಗ್ನಲ್ ಬೇಕಂದ್ರೆ ಅಂಗಳದ ಒಂದು ಮೂಲೇಲಿ ನಿಲ್ಬೇಕು, ಇನ್ನು ಇಂಬಳ, ಅಂದ್ರೆ ಜಿಗಣೆ! ತೋಟಕ್ಕೆ ಹೋಗಿ ಬಂದು ಸಾಕ್ಸ್ ತೆಗೆದ್ರೆ ಒಂದೇ ಕಾಲಲ್ಲಿ ನಾಲ್ಕು. ನಾನು ಕುಣಿದಾಡ್ತಿದ್ರೆ ಆ ಮನೆ ಅಜ್ಜಿ ಎಲೆಅಡಿಕೆ ಜಗೀತಾ "ಹೊಟ್ಟೆ ತುಂಬಿದ್ರೆ ಅದೇ ಬಿದ್ ಹೋಗ್ತದೆ ಮಾರಾಯ" ಅಂದ್ರು, ಆಮೇಲೆ ಇಂಬಳಕ್ಕೆ ಹಚ್ಚೋಕೆ ಸುಣ್ಣದ ಡಬ್ಬಿ ಕೊಟ್ರು.

ಆಗುಂಬೇನೂ ಸಣ್ಣ ಊರೇ, ಆದ್ರೆ ಉಡುಪಿ ಕಡೆ ಹೋಗೋ ಹೈವೇ ಮೇಲಿರೋದ್ರಿಂದ ಗಾಡಿ ಸದ್ದು ಇದ್ದೇ ಇರತ್ತೆ. ಕುಂದಾದ್ರಿ ಬೆಟ್ಟ, 14 ತಿರುವಿನ ಘಾಟಿ ಎರಡಕ್ಕೂ ಇದೇ ಹತ್ರ, ಬಸ್ಸಲ್ಲಿ ಸುತ್ತೋರಿಗೆ ಕಿಗ್ಗಕ್ಕಿಂತ ವಾಸಿ. ಜುಲೈಲಿ ಸೂರ್ಯಾಸ್ತ ನೋಡೋಕೆ ಹೋಗಿ ಬಿಳಿ ಮಂಜು ನೋಡ್ಕೊಂಡು ಬಂದ್ವಿ, ಅದು ನಮ್ಮ ತಪ್ಪು ಬಿಡಿ.

ಈ ಸಲ ಮತ್ತೆ ಕಿಗ್ಗ. ಅಮ್ಮನ್ನ ಕರೆದೆ, ಇಂಬಳ ಇಲ್ಲ ಅಂದ್ರೆ ಬರ್ತೀನಿ ಅಂದ್ರು, ಹಾಗಾಗಿ ಜನವರಿಗೆ ಇಟ್ಕೊಂಡಿದೀವಿ.