ಗ್ಲೋ ಎಂಜಿನ್ ತೆಗೆದು ಮೋಟರ್: ಪ್ಲೈವುಡ್ ಪೆಟ್ಟಿಗೆಯೋ, ಅಲ್ಯೂಮಿನಿಯಂ ಕಂಬಗಳೋ?

ರೇಡಿಯೊ ನಿಯಂತ್ರಿತ ಮಾದರಿ ವಿಮಾನದ ಗ್ಲೋ ಎಂಜಿನ್ (ಮೆಥನಾಲ್ ಇಂಧನದ ಪುಟ್ಟ ಎಂಜಿನ್) ತೆಗೆದು ವಿದ್ಯುತ್ ಮೋಟರ್ ಹಾಕುವಾಗ, ಅದನ್ನು ಮೂಗಿನ ಮುಂದೆ ಹಿಡಿದಿಡಲು ಈ ಎರಡು ದಾರಿ. ನನ್ನ ಮತ ಪೆಟ್ಟಿಗೆಗೇ. ಎರಡನ್ನೂ ಒಂದೇ .46 ಟ್ರೈನರ್‌ಗೆ (0.46 ಘನ ಇಂಚಿನ ಎಂಜಿನ್‌ಗೆ ಮಾಡಿದ ಕಲಿಕೆಯ ವಿಮಾನಕ್ಕೆ) ಹಾಕಿ ಹಾರಿಸಿದ ಮೇಲಿನ ಮಾತು ಇದು. ಮೋಟರ್, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), 4 ಸೆಲ್ ಲಿಪೊ ಬ್ಯಾಟರಿ, 12×6 ಇಂಚಿನ ಪ್ರಾಪ್ (ಪ್ರೊಪೆಲ್ಲರ್) ಎರಡು ಸಲವೂ ಅವೇ.

ಎಂಜಿನ್ ಬಿಚ್ಚುವ ಮುಂಚೆ ಫೈರ್‌ವಾಲ್‌ನಿಂದ (ಎಂಜಿನ್ ಬಿಗಿದಿರುವ ಮೂಗಿನ ಪ್ಲೈ ಗೋಡೆಯಿಂದ) ಪ್ರಾಪ್ ಕೂರುವ ವಾಷರ್‌ವರೆಗಿನ ದೂರ ಅಳೆದು ಬರೆದಿಟ್ಟುಕೊಳ್ಳಿ. ಅದು 110 ಮಿ.ಮೀ. ಬಂತು, ಮೋಟರ್ ಅಡಾಪ್ಟರ್ ಸೇರಿ 60 ಮಿ.ಮೀ. ಇದೆ ಅಂದುಕೊಳ್ಳಿ. ಉಳಿದ 50 ಮಿ.ಮೀ. ಹೇಗೆ ತುಂಬುವುದು ಅನ್ನುವುದೇ ಇಲ್ಲಿನ ಜಗಳ.

ಕಂಬಗಳದ್ದು ಒಂದು ಗಂಟೆಯ ಕೆಲಸ. 10 ಮಿ.ಮೀ. ದಪ್ಪದ ನಾಲ್ಕು ಕಂಬ, ಎಂ4 ಬೋಲ್ಟ್, ಫೈರ್‌ವಾಲ್ ಹಿಂದೆ ಟೀ ನಟ್ (ಮರಕ್ಕೆ ಕಚ್ಚಿಕೊಳ್ಳುವ ಹಲ್ಲಿನ ನಟ್), ಎಳೆಗಳಿಗೆ ಥ್ರೆಡ್‌ಲಾಕ್ (ಬೋಲ್ಟ್ ಸಡಿಲವಾಗದಂತೆ ಹಾಕುವ ಅಂಟು), ಮುಗಿಯಿತು. ವಿಮಾನ ಎಡಕ್ಕೆ ಎಳೆಯದಂತೆ ಮೋಟರನ್ನು ಬಲಕ್ಕೆ 2 ಡಿಗ್ರಿ ಓರೆ ಮಾಡಬೇಕಾದಾಗ ಮಾತ್ರ ಕಿರಿಕಿರಿ. ಎಡಗಡೆಯ ಎರಡು ಕಂಬಗಳಿಗೆ ವಾಷರ್ ಕೊಟ್ಟರೆ ಕಂಬದ ತುದಿ ಪ್ಲೇಟಿನ ಮೇಲೆ ಸಪಾಟಾಗಿ ಕೂರುವುದಿಲ್ಲ, ಒಂದು ಅಂಚಿನಲ್ಲಿ ನಿಲ್ಲುತ್ತದೆ. ಆ ಬೋಲ್ಟೇ ಮೊದಲು ಸಡಿಲವಾಗುವುದು. ಪೆಟ್ಟಿಗೆಯಲ್ಲಿ ಈ ತಲೆನೋವಿಲ್ಲ: 58 ಮಿ.ಮೀ. ಅಗಲಕ್ಕೆ ಎಡಗೋಡೆಯನ್ನು 2 ಮಿ.ಮೀ. ಉದ್ದ ಕತ್ತರಿಸಿದರೆ 2 ಡಿಗ್ರಿ ತಾನಾಗಿ ಬರುತ್ತದೆ. ಹಳೆಯ ಫೈರ್‌ವಾಲೇ ಓರೆಯಾಗಿ ಕೂತಿದೆಯೇ ಎಂದು ಮೊದಲು ನೋಡಿ, ನೋಡದೆ ಕತ್ತರಿಸಿದರೆ ಓರೆ ಎರಡು ಪಟ್ಟಾದೀತು.

ಪೆಟ್ಟಿಗೆಗೆ 3 ಮಿ.ಮೀ. ಬರ್ಚ್ ಪ್ಲೈನ ಗೋಡೆಗಳು, ಮುಂದೆ 6 ಮಿ.ಮೀ. ಪ್ಲೇಟು, ಹಿಂದೆ ಅಂಚು ಹೊರಚಾಚಿದ 4 ಮಿ.ಮೀ. ಚೌಕಟ್ಟು. ಒಳಮೂಲೆಗಳಿಗೆ ತ್ರಿಕೋನ ಪಟ್ಟಿ. ಮುಂದಿನ ಪ್ಲೇಟಿನಲ್ಲಿ ಮೋಟರಿನ ಹಿಂಬದಿ ಶಾಫ್ಟ್‌ಗೆ 12 ಮಿ.ಮೀ. ತೂತು, ಗೋಡೆಗಳಲ್ಲಿ ಗಾಳಿಗೆ ತೂತು.

ಇದರ ಕಾಟ ಒಂದೇ: ಎಣ್ಣೆ. ಗ್ಲೋ ಇಂಧನದ ಐದನೇ ಒಂದು ಪಾಲಿನಷ್ಟು ಎಣ್ಣೆಯೇ. ವರ್ಷಗಟ್ಟಲೆ ಹಾರಿದ ವಿಮಾನದ ಫೈರ್‌ವಾಲ್ ಅದನ್ನು ಬೋಲ್ಟ್ ತೂತುಗಳಿಂದಲೂ ಪ್ಲೈ ಅಂಚಿನಿಂದಲೂ ಕುಡಿದಿರುತ್ತದೆ. ಒರೆಸಿದರೆ ಒಣಗಿದಂತೆ ಕಾಣುತ್ತದೆ. ಎಪಾಕ್ಸಿ ಅಂಟೂ ಗಟ್ಟಿಯಾಗುತ್ತದೆ. ಆದರೆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿ: ಕಂದು ಬಣ್ಣದ ಮರದ ಸಿಪ್ಪೆಯ ಸಮೇತ ಕಿತ್ತು ಬರುತ್ತದೆ. ಅಂಟಿನದು ತಪ್ಪಲ್ಲ, ಅದಕ್ಕೆ ಹಿಡಿಯಲು ಮರ ಸಿಕ್ಕಿಲ್ಲ.

ಪರೀಕ್ಷೆ ಸುಲಭ. ತೆಳು ಟಿಶ್ಯೂ ಕಾಗದವನ್ನು ಫೈರ್‌ವಾಲ್‌ಗೆ ಒತ್ತಿ ಟೇಪ್ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಕಾಗದದ ಆಚೆ ಬೆರಳು ಕಂಡರೆ ಎಣ್ಣೆ ಇನ್ನೂ ಇದೆ. ಟಾಲ್ಕಂ ಪೌಡರನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಬಳಿಯಿರಿ. ಪೂರ್ತಿ ಆರಿ ಬಿಳಿಚಿಕೊಂಡ ಮೇಲೆ, ಆಲ್ಕೊಹಾಲ್ ವಾಸನೆಯೂ ಹೋದ ಮೇಲೆಯೇ, ಹೀಟ್ ಗನ್‌ನಿಂದ ಮೆಲ್ಲಗೆ ಬಿಸಿ ಮಾಡಿ. ಎಣ್ಣೆ ಹೀರಿ ಪೌಡರ್ ಹಳದಿಯಾಗುತ್ತದೆ; ಬ್ರಷ್‌ನಿಂದ ಉದುರಿಸಿ ಮತ್ತೆ ಬಳಿಯಿರಿ. ಮೂರು ನಾಲ್ಕು ಸುತ್ತು ಬೇಕು. ಆಮೇಲೆ ಉಪ್ಪುಕಾಗದ, 30 ನಿಮಿಷದ ಎಪಾಕ್ಸಿ. 5 ನಿಮಿಷದ್ದು ಮರದೊಳಗೆ ಇಳಿಯುವ ಮೊದಲೇ ಕಟ್ಟಿಕೊಳ್ಳುತ್ತದೆ. ಇಷ್ಟಾದರೂ ಅಂಟನ್ನೊಂದೇ ನಂಬುವುದಿಲ್ಲ. ಚೌಕಟ್ಟಿನ ಮೂಲೆಗಳಿಗೆ ನಾಲ್ಕು ಎಂ4 ಬೋಲ್ಟ್ ಹಾಕಲೇಬೇಕು. ಕಂಬಗಳಿಗೆ ಈ ಇಡೀ ರಗಳೆಯಿಲ್ಲ, ಒಪ್ಪುತ್ತೇನೆ.

ಆದರೂ ಪೆಟ್ಟಿಗೆ ಯಾಕೆ? ಸಿಜಿಗಾಗಿ, ಅಂದರೆ ವಿಮಾನ ಸಮತೂಗುವ ಗುರುತ್ವ ಕೇಂದ್ರಕ್ಕಾಗಿ. ಮಫ್ಲರ್ ಸಹಿತ ಎಂಜಿನ್ ಸುಮಾರು 490 ಗ್ರಾಂ, ಮೋಟರ್ ಅದರ ಅರ್ಧಕ್ಕೂ ಕಮ್ಮಿ. ಮೂಗು ಹಗುರವಾಗುತ್ತದೆ. ಫೈರ್‌ವಾಲ್‌ನಲ್ಲಿ 48×38 ಮಿ.ಮೀ. ಕಿಟಕಿ ಕೊರೆದರೆ ಬ್ಯಾಟರಿ ಪೆಟ್ಟಿಗೆಯೊಳಕ್ಕೆ 40 ಮಿ.ಮೀ. ಮುಂದೆ ಜಾರುತ್ತದೆ. 420 ಗ್ರಾಂ ಬ್ಯಾಟರಿ ಅಷ್ಟು ಸರಿದರೆ, ಸಿಜಿಯಿಂದ 280 ಮಿ.ಮೀ. ಮುಂದಿರುವ ಮೂಗಿಗೆ 60 ಗ್ರಾಂ ಸೀಸ ಕಟ್ಟಿದ ಹಾಗೆ. ಶಾಫ್ಟ್ ತುದಿ ಬ್ಯಾಟರಿಗೆ ತಾಗದಂತೆ ಮುಂದೆ 10 ಮಿ.ಮೀ. ತಡೆ ಅಂಟಿಸಿ. ಕಂಬಗಳ ನಡುವೆಯೂ ತೂರಿಸಬಹುದು, ಆದರೆ ಅಲ್ಲಿ ಅದನ್ನು ಹೊರಲು ನೆಲವೇ ಇಲ್ಲ.

ಹಳೆಯ ನೈಲಾನ್ ಎಂಜಿನ್ ಮೌಂಟಿಗೇ ಅಡ್ಡ ಪ್ಲೇಟು ಬಿಗಿಯುವುದು ಮೂರನೆಯ ದಾರಿ. ತೋಳುಗಳು ನಡುಗುತ್ತವೆ, ಬೇಡ.

ಉಬ್ಬುತಗ್ಗಿನ ಹುಲ್ಲಿನ ಮೇಲೆ ಇಳಿಸುವವನಿಗೆ ಇನ್ನೊಂದು ಲಾಭ. ಮೂಗು ನೆಲಕ್ಕೆ ಬಡಿದರೆ ಪೆಟ್ಟಿಗೆಯ 3 ಮಿ.ಮೀ. ಗೋಡೆ ಸೀಳುತ್ತದೆ, ಉಳಿದ ಪ್ಲೈ ತುಂಡುಗಳಲ್ಲಿ ಒಂದು ಸಂಜೆಗೆ ಹೊಸದು ಸಿದ್ಧ. ಕಂಬಗಳಾದರೆ ಬಗ್ಗದೆ ಟೀ ನಟ್‌ಗಳನ್ನೇ ಫೈರ್‌ವಾಲ್‌ನಿಂದ ಕೀಳುತ್ತವೆ. ನುಣ್ಣನೆಯ ರನ್‌ವೇ ಇದ್ದು, ಮೂಗು ಕಿಟಕಿ ಕೊರೆಯಲಾಗದಷ್ಟು ಕಿರಿದಾಗಿದ್ದರೆ ಕಂಬಗಳನ್ನೇ ಹಾಕಿ, ಮೊದಲ ಹಾರಾಟದ ನಂತರ ನಾಲ್ಕೂ ಬೋಲ್ಟಿಗೆ ಕೀ ಹಾಕಿ ನೋಡಿ.