ಲಿಟ್‌ಮನ್ ಕ್ಲಾಸಿಕ್ 3 ಸ್ಟೆತಾಸ್ಕೋಪ್: ಮೆಡಿಕಲ್ ವಾರ್ಡಿನ ಬಳಕೆಯಿಂದ ಒಂದು ವಿಮರ್ಶೆ

ಸ್ಟೆತಾಸ್ಕೋಪಿನ ಬಗ್ಗೆ ಓದಲು ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಪೆಟ್ಟಿಗೆ ಬಿಚ್ಚಿದ ವಾರದೊಳಗೆ ಬರೆದಂಥವು. ಟ್ಯೂಬು ಯಾವ ಯಾವ ಬಣ್ಣದಲ್ಲಿ ಬರುತ್ತದೆ, ಲೋಹದ ಹೊಳಪು ಹೇಗಿದೆ, ಹೆಸರು ಕೆತ್ತಿಸಿಕೊಳ್ಳಬಹುದೇ ಎಂಬುದೆಲ್ಲ ಅವುಗಳಲ್ಲಿ ಚೆನ್ನಾಗಿಯೇ ಇರುತ್ತದೆ. ರಾತ್ರಿ ಪಾಳಿಯಲ್ಲಿ, ಗದ್ದಲದ ವಾರ್ಡಿನಲ್ಲಿ, ಮಾತನಾಡಲಾಗದಷ್ಟು ಏದುಸಿರು ಬಿಡುತ್ತಿರುವ ರೋಗಿಯ ಬೆನ್ನಿನ ಮೇಲೆ ಅದು ಏನು ಕೇಳಿಸುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ವಾರ್ಡುಗಳಲ್ಲಿ ಮೂರು ದಶಕಕ್ಕೂ ಮಿಕ್ಕಿ ಕೆಲಸ ಮಾಡಿ ನಿವೃತ್ತನಾಗಿ, ಈಗ ಸಂಜೆ ಹೊತ್ತು ಮಾತ್ರ ರೋಗಿಗಳನ್ನು ನೋಡುತ್ತಿರುವ ನಾನು, ಕಿವಿಗೆ ಹಲವು ಬಗೆಯ ಸ್ಟೆತಾಸ್ಕೋಪುಗಳನ್ನು ಹಾಕಿಕೊಂಡಿದ್ದೇನೆ. ಹೃದ್ರೋಗ ತಜ್ಞರ ಅಗತ್ಯ ಬೇರೆ, ಜನರಲ್ ಮೆಡಿಸಿನ್ ವೈದ್ಯರ ಅಗತ್ಯ ಬೇರೆ. ಎರಡನೆಯ ವರ್ಗಕ್ಕೆ ಕ್ಲಾಸಿಕ್ 3 ಸಾಕು, ಅದಕ್ಕಿಂತ ದುಬಾರಿಯದು ಬಹುಪಾಲು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ವಸ್ತುವಿನ ಪರಿಚಯ. ತೂಕ ಸುಮಾರು 150 ಗ್ರಾಂ, ಉದ್ದ 69 ಸೆಂಟಿಮೀಟರ್, ಎದೆಯ ಮೇಲಿಡುವ ಭಾಗ, ಅಂದರೆ ತಲೆ, ಸ್ಟೇನ್‌ಲೆಸ್ ಸ್ಟೀಲಿನದು. ಅದಕ್ಕೆ ಎರಡು ಮುಖ: ದೊಡ್ಡವರಿಗೊಂದು, ಮಕ್ಕಳಿಗೊಂದು. ಮಕ್ಕಳ ಕಡೆಯ ಡಯಾಫ್ರಮ್ (ಮುಖಕ್ಕೆ ಬಿಗಿದ ತೆಳು ಪೊರೆ) ಕಳಚಿ, ಜೊತೆಗೆ ಕೊಟ್ಟಿರುವ ಮೆತ್ತನೆಯ ಉಂಗುರವನ್ನು ಹಾಕಿದರೆ ಅದು ಪೊರೆಯಿಲ್ಲದ ಬಟ್ಟಲಿನಂಥ ತೆರೆದ ಬೆಲ್ ಆಗುತ್ತದೆ. ಕಂಪನಿಗೆ ಹೆಸರು ಬಂದದ್ದು ಡೇವಿಡ್ ಲಿಟ್‌ಮನ್ ಎಂಬ ಅಮೆರಿಕದ ಹೃದ್ರೋಗ ತಜ್ಞರಿಂದ. ಭಾರವಾದ, ಉದ್ದ ಟ್ಯೂಬಿನ ಉಪಕರಣಗಳೇ ರೂಢಿಯಲ್ಲಿದ್ದ ಕಾಲದಲ್ಲಿ, ಹಗುರವಾದ, ಚಿಕ್ಕ ಟ್ಯೂಬಿನ, ಎರಡು ಮುಖದ ಸ್ಟೆತಾಸ್ಕೋಪಿನ ವಿನ್ಯಾಸವನ್ನು ಅವರು 1961ರಲ್ಲಿ ಪ್ರಕಟಿಸಿದರು. 1967ರಲ್ಲಿ ಅವರ ಉದ್ಯಮವನ್ನು 3ಎಂ ಕಂಪನಿ ಕೊಂಡುಕೊಂಡಿತು. 3ಎಂ ತನ್ನ ಆರೋಗ್ಯ ವಿಭಾಗವನ್ನು 2024ರಲ್ಲಿ ಸಾಲ್ವೆಂಟಮ್ ಎಂಬ ಬೇರೆ ಕಂಪನಿಯಾಗಿ ಪ್ರತ್ಯೇಕಿಸಿರುವುದರಿಂದ, ಪೆಟ್ಟಿಗೆಯ ಮೇಲೆ ಈ ಹೊಸ ಹೆಸರು ಕಂಡರೆ ನಕಲಿಯೆಂದು ಗಾಬರಿಪಡಬೇಕಿಲ್ಲ.

ಈ ಉಪಕರಣದ ಮುಖ್ಯ ಗುಣ ಅದರ ಡಯಾಫ್ರಮ್ಮಿನಲ್ಲಿದೆ. ಹಗುರವಾಗಿ ಇಟ್ಟರೆ ಮಂದ್ರ ಸ್ವರದ ಶಬ್ದಗಳು, ಒತ್ತಿ ಹಿಡಿದರೆ ತಾರ ಸ್ವರದ ಶಬ್ದಗಳು ಕೇಳಿಸುವಂತೆ ಅದನ್ನು ರೂಪಿಸಿದ್ದಾರೆ. ಹಾಗಾಗಿ ಬೆಲ್ಲಿಗಾಗಿ ತಲೆಯನ್ನು ತಿರುಗಿಸುವ ಕೆಲಸ ತಪ್ಪುತ್ತದೆ. ಹೇಳುವುದಕ್ಕೆ ಸುಲಭ, ಕೈಗೆ ರೂಢಿಯಾಗಲು ಸಮಯ ಬೇಕು. ಇದನ್ನು ಪರೀಕ್ಷಿಸಲು ನಾನು ನಂಬುವುದು ಮೈಟ್ರಲ್ ಸ್ಟೆನೋಸಿಸ್ ಎಂಬ, ಹೃದಯದ ಕವಾಟ ಕಿರಿದಾಗುವ ಕಾಯಿಲೆಯನ್ನು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಫೀಮೇಲ್ ವಾರ್ಡಿನ ರೌಂಡ್ಸಿನಲ್ಲಿ ಇಂಥ ರೋಗಿಗಳು ಅಪರೂಪವಾಗಿರಲಿಲ್ಲ. ಬಾಲ್ಯದಲ್ಲಿ ಕೀಲುನೋವು, ಜ್ವರ ಬಂದು ಹೋಗಿ, ಹೃದಯದ ಕವಾಟ ಕಿರಿದಾಗಿದ್ದರೂ ಯಾರಿಗೂ ತಿಳಿಯದೆ, ಮದುವೆಯಾಗಿ ಬಸುರಿಯಾಗಿ ಐದನೆಯ ಆರನೆಯ ತಿಂಗಳಲ್ಲಿ ಮೊದಲ ಬಾರಿಗೆ ಉಸಿರು ಕಟ್ಟಿ ಬರುತ್ತಿದ್ದ ಹೆಣ್ಣುಮಕ್ಕಳು ಅವರು. ಎಡ ಮಗ್ಗುಲಿಗೆ ಹೊರಳಿಸಿ, ಹೃದಯದ ತುದಿ ಬಡಿಯುವ ಜಾಗವನ್ನು ಬೆರಳಿನಿಂದ ಹುಡುಕಿ, ಅಲ್ಲಿ ಸ್ಟೆತಾಸ್ಕೋಪನ್ನು ತಾಕಿಯೂ ತಾಕದಂತೆ ಇಟ್ಟರೆ, ದೂರದಲ್ಲಿ ಗುಡುಗಿದಂಥ ಒಂದು ಸಣ್ಣ ಮೊರೆತ ಕೇಳುತ್ತದೆ. ಕೈ ಸ್ವಲ್ಪ ಭಾರವಾದರೂ ಅದು ಮಾಯ. ಅದಕ್ಕೆ ಮೊದಲು ಟಕ್ಕೆನ್ನುವ ಇನ್ನೊಂದು ಶಬ್ದವಿದೆ, ಅದನ್ನು ಕೇಳಲು ಒತ್ತಿ ಹಿಡಿಯಬೇಕು. ಹೃದಯದ ‘ಲಬ್-ಡಬ್’ನಲ್ಲಿ ಎರಡನೆಯ ಶಬ್ದಕ್ಕೆ ಆ ಟಕ್ ಎಷ್ಟು ಹತ್ತಿರವೋ ಕವಾಟ ಅಷ್ಟು ಕಿರಿದು. ಕ್ಲಾಸಿಕ್ 3ರಲ್ಲಿ ಕೈಯ ಒತ್ತಡವೊಂದನ್ನೇ ಬದಲಿಸುತ್ತ ಇವೆರಡನ್ನೂ ಕೇಳಬಹುದು. ಆದರೂ ತೀರ ಮಂದ್ರವಾದ ಮೊರೆತಕ್ಕೆ ಡಯಾಫ್ರಮ್ಮಿಗಿಂತ ತೆರೆದ ಬೆಲ್ಲೇ ಮೇಲು ಎಂಬ ಹಳೆಯ ನಂಬಿಕೆಯನ್ನು ನಾನಿನ್ನೂ ಬಿಟ್ಟಿಲ್ಲ. ಆದ್ದರಿಂದ ಚಿಕ್ಕ ಮುಖವನ್ನು ಸದಾ ಬೆಲ್ ಆಗಿಯೇ ಇಟ್ಟುಕೊಂಡಿದ್ದೇನೆ. ಮಕ್ಕಳ ರೋಗಿಗಳು ಹೆಚ್ಚಾಗಿ ಇಲ್ಲದವರಿಗೆ ಇದನ್ನೇ ಸೂಚಿಸುತ್ತೇನೆ.

ಹೃದಯದ ಶಬ್ದಗಳಿಗಿಂತ ಹೆಚ್ಚು ಕಠಿಣವಾದ ಪರೀಕ್ಷೆ ನಮ್ಮ ಜಿಲ್ಲೆಗಳ ವಾರ್ಡುಗಳಲ್ಲಿ ಬೇರೊಂದಿದೆ. ಕೀಟನಾಶಕ ಕುಡಿದು ಬರುವವರನ್ನು ನೋಡದ ಮೆಡಿಸಿನ್ ವೈದ್ಯರು ಕರ್ನಾಟಕದಲ್ಲಿ ಇರಲಾರರು. ಆರ್ಗನೋಫಾಸ್ಫರಸ್ ವಿಷದಲ್ಲಿ ಶ್ವಾಸಕೋಶದೊಳಗೆ ನೀರು ತುಂಬಿಕೊಂಡು ರೋಗಿ ತನ್ನ ಸ್ರಾವದಲ್ಲೇ ಮುಳುಗುತ್ತಾನೆ. ಅದನ್ನು ಒಣಗಿಸುವ ಔಷಧ ಅಟ್ರೋಪಿನ್. ಐದು ನಿಮಿಷಕ್ಕೊಮ್ಮೆ ನೋಡಿ, ಸುಧಾರಣೆ ಕಾಣದಿದ್ದರೆ ಹಿಂದಿನ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತ ಹೋಗಬೇಕು. ಎಲ್ಲಿ ನಿಲ್ಲಿಸಬೇಕೆಂಬುದನ್ನು ತೀರ್ಮಾನಿಸುವಾಗ ನಾಡಿ, ರಕ್ತದೊತ್ತಡ, ಕಂಕುಳಿನ ಬೆವರು, ಕಣ್ಣಿನ ಪಾಪೆ ಇವೆಲ್ಲವನ್ನೂ ನೋಡುತ್ತೇವಾದರೂ, ಬಹುಮುಖ್ಯವಾದದ್ದು ಎದೆ ಶುಭ್ರವಾಗಿದೆಯೇ ಎಂಬುದು. ಅದನ್ನು ಹೇಳುವ ಉಪಕರಣ ಮಾನಿಟರ್ ಅಲ್ಲ, ಸ್ಟೆತಾಸ್ಕೋಪ್. ಅಟ್ರೋಪಿನ್ ಹೆಚ್ಚಾಗಿ ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುವವನಂತೆ ಕೈಯಾಡಿಸತೊಡಗಿದಾಗ, ಮೈ ಸುಡತೊಡಗಿದಾಗ, ಅದೇ ಸ್ಟೆತಾಸ್ಕೋಪು ಹೊಟ್ಟೆಯ ಮೇಲೆ ಹೋಗುತ್ತದೆ. ಕರುಳಿನ ಸದ್ದು ಪೂರ್ತಿ ನಿಂತಿದ್ದರೆ ಔಷಧ ಹೆಚ್ಚಾಗಿದೆಯೆಂದು ಅರ್ಥ.

ಇದನ್ನು ವಿವರವಾಗಿ ಹೇಳಲು ಕಾರಣವಿದೆ. ಆ ಹೊತ್ತಿನಲ್ಲಿ ಸುತ್ತ ಸಂಬಂಧಿಕರ ಅಳು, ಸಕ್ಷನ್ ಯಂತ್ರದ ಸದ್ದು, ಟ್ರಾಲಿಯ ಗಾಲಿಗಳ ಕಿರುಗುಟ್ಟು ಎಲ್ಲ ಇರುತ್ತವೆ. ಒದ್ದಾಡುವ ರೋಗಿಯ ಬೆನ್ನಿನ ಕೆಳಭಾಗಕ್ಕೆ ಕೈ ತೂರಿಸಿ ಕೇಳಬೇಕಾಗುತ್ತದೆ. ಕ್ಲಾಸಿಕ್ 3ರ ತಲೆ ತೆಳ್ಳಗಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಿವಿಯಲ್ಲಿಡುವ ಮೆತ್ತನೆಯ ತುದಿಗಳು ಹೊರಗಿನ ಗದ್ದಲವನ್ನು ಚೆನ್ನಾಗಿಯೇ ತಡೆಯುತ್ತವೆ. ಅವುಗಳ ಅಳತೆ ಸರಿಯಾಗಿರಬೇಕು, ತುದಿಗಳು ಮುಂದಕ್ಕೆ, ಅಂದರೆ ಮೂಗಿನ ದಿಕ್ಕಿಗೆ ಓರೆಯಾಗಿರಬೇಕು. ತಿರುಗಿಸಿ ಹಾಕಿಕೊಂಡು ‘ಸರ್, ಏನೂ ಕೇಳ್ತಿಲ್ಲ’ ಎನ್ನುವ ಹೌಸ್ ಸರ್ಜನ್ನರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಹಾಗೆಯೇ ತಲೆಯನ್ನು ಯಾವ ಕಡೆಗೆ ತಿರುಗಿಸಿದ್ದೇವೆಂದು ಬೆರಳ ತುದಿಯಿಂದ ಒಮ್ಮೆ ತಟ್ಟಿ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಉಸಿರಿನ ಶಬ್ದಗಳಿಗೆ ಇದು ನಿರಾಶೆ ಮಾಡುವುದಿಲ್ಲ. ಹಳೆಯ ಕ್ಷಯದ ರೋಗಿಗೆ ಕೆಮ್ಮಲು ಹೇಳಿ, ಕೆಮ್ಮಿದ ಕೂಡಲೇ ಬೆನ್ನಿನ ಮೇಲ್ಭಾಗದಲ್ಲಿ ಕೇಳಿಸುವ, ಚಿಟಪಟ ಸದ್ದಿನಂಥ ಸಣ್ಣ ಕ್ರೆಪಿಟೇಷನ್‌ಗಳು, ಡೆಂಗಿ ಜ್ವರ ಇಳಿಯುವ ಹೊತ್ತಿಗೆ ಬಲಗಡೆಯ ಬುಡದಲ್ಲಿ ನೀರು ಸೇರಿ ಕ್ಷೀಣಿಸುವ ಉಸಿರು, ‘ಒಂದು ಎರಡು ಮೂರು’ ಹೇಳಿಸಿದಾಗ ನ್ಯುಮೋನಿಯಾ ಇರುವ ಕಡೆ ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗುವ ಮಾತು, ಇವೆಲ್ಲ ಸಂಶಯಕ್ಕೆಡೆಯಿಲ್ಲದೆ ಸಿಗುತ್ತವೆ. ಆಸ್ತಮಾ ರೋಗಿಯ ಎದೆಯಲ್ಲಿ ಏನೂ ಕೇಳದಿದ್ದಾಗ, ಅದು ಉಪಕರಣದ ದೋಷವಲ್ಲ, ಗಾಳಿಯೇ ಒಳಹೋಗುತ್ತಿಲ್ಲ ಎಂದು ನಂಬಿ ಓಡಬೇಕಾದರೆ ಅದರ ಮೇಲೆ ಭರವಸೆ ಇರಬೇಕು. ಅಗ್ಗದ ಸ್ಟೆತಾಸ್ಕೋಪುಗಳು ಕೈಕೊಡುವುದು ಇಂಥಲ್ಲಿ. ರಕ್ತದೊತ್ತಡ ನೋಡುವುದಕ್ಕೆ ಮಾತ್ರವಾದರೆ ಇಷ್ಟು ಹಣ ಕೊಡುವ ಅಗತ್ಯವೇ ಇಲ್ಲ. ಆ ಕೆಲಸವನ್ನು ಯಾವ ಸಾಧಾರಣ ಸ್ಟೆತಾಸ್ಕೋಪಾದರೂ ಮಾಡುತ್ತದೆ.

ಎಕೋ (ಹೃದಯದ ಸ್ಕ್ಯಾನ್), ಅಲ್ಟ್ರಾಸೌಂಡ್ ತಾಲ್ಲೂಕು ಮಟ್ಟದವರೆಗೂ ಬಂದಿರುವಾಗ ಇದಕ್ಕೆ ಇಷ್ಟು ಬೆಲೆ ಏಕೆ ಎಂದು ಪಿಜಿ ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕವಾಟ ಎಷ್ಟು ಕಿರಿದಾಗಿದೆ, ಬಲೂನ್ ಚಿಕಿತ್ಸೆಗೆ ಬೆಂಗಳೂರಿನ ಜಯದೇವಕ್ಕೆ ಕಳುಹಿಸಬೇಕೇ ಎಂಬುದನ್ನು ಇಂದು ನಿರ್ಧರಿಸುವುದು ಎಕೋ. ಕಿವಿಯ ಅಂದಾಜಿನ ಮೇಲೆ ಯಾರೂ ಹೊರಡುವುದಿಲ್ಲ, ಹೊರಡಲೂಬಾರದು. ಆದರೆ ಯಾರಿಗೆ ಎಕೋ ಮಾಡಿಸಬೇಕೆಂದು ಹೊಳೆಯುವುದು ಓಪಿಯಲ್ಲಿ ಎದೆ ನೋಡಿದಾಗ. 2020ರಲ್ಲಿ ಕೋವಿಡ್ ವಾರ್ಡುಗಳಲ್ಲಿ ಪಿಪಿಇ ತೊಟ್ಟು ಕಿವಿಗಳೇ ಮುಚ್ಚಿಹೋಗಿದ್ದಾಗ, ಆಕ್ಸಿಮೀಟರಿನ ಸಂಖ್ಯೆ ಮತ್ತು ಸಿಟಿ ಸ್ಕ್ಯಾನನ್ನು ನಂಬಿ ಕೆಲಸ ಮಾಡಿದೆವು. ಕೆಲಸವೇನೋ ನಡೆಯಿತು. ಆದರೆ ರೋಗಿಯ ಹತ್ತಿರ ಹೋಗುವ ಅಭ್ಯಾಸ ಆ ಅವಧಿಯಲ್ಲಿ ಓದಿದ ಕೆಲವರಿಗೆ ಕೂಡಿಬರಲೇ ಇಲ್ಲವೆಂದು ನನ್ನ ಅನಿಸಿಕೆ. ರೋಗಿಗಳಿಗೂ ಇದರ ಬಗ್ಗೆ ತಮ್ಮದೇ ನಿಲುವಿದೆ: ಎಲ್ಲ ರಿಪೋರ್ಟು ನೋಡಿ ಚೀಟಿ ಬರೆದುಕೊಟ್ಟ ಮೇಲೂ ‘ಎದಿಗೆ ಹಚ್ಚಿ ನೋಡಲೇ ಇಲ್ರಲ್ಲ ಸಾಹೇಬ್ರ’ ಎಂದು ಕುರ್ಚಿಯಿಂದ ಏಳದೆ ಕೂರುವವರು ಈಗಲೂ ಇದ್ದಾರೆ.

ಬಾಳಿಕೆಯ ವಿಷಯ. ಯಾವುದೇ ಸ್ಟೆತಾಸ್ಕೋಪಿನಲ್ಲಿ ಮೊದಲು ಸೋಲುವುದು ಟ್ಯೂಬು. ಕೊರಳಿನ ಬೆವರು, ಚರ್ಮದ ಎಣ್ಣೆ, ಸ್ಪಿರಿಟ್ ಇವುಗಳಿಂದ ಅದು ಕ್ರಮೇಣ ಗಡುಸಾಗಿ, ಮಡಿಕೆಯಲ್ಲಿ ಬಿರಿಯುತ್ತದೆ. ಹಿಂದೆ ನನ್ನ ಬಳಿಯಿದ್ದ ಬೇರೊಂದು ತಯಾರಿಕೆಯದು ಎರಡು ಬೇಸಿಗೆಗಳನ್ನೂ ದಾಟಲಿಲ್ಲ. ಕ್ಲಾಸಿಕ್ 3ರ ಟ್ಯೂಬು ಇವನ್ನು ಹೆಚ್ಚು ತಡೆಯುವಂತೆ ಮಾಡಿದ್ದು, ಅದರಲ್ಲಿ ಸಹಜ ರಬ್ಬರಿನ ಲ್ಯಾಟೆಕ್ಸ್ ಇಲ್ಲ, ಐದು ವರ್ಷದ ವಾರಂಟಿಯಿದೆ. ಹಾಗಿದ್ದರೂ ಅಂಗಿಯ ಕಾಲರಿನ ಮೇಲೆ ಹಾಕಿಕೊಳ್ಳುವುದು, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡದಿರುವುದು ಒಳ್ಳೆಯದು. ಶುಚಿಗೆ 70 ಶೇಕಡ ಆಲ್ಕೊಹಾಲ್ ಒರೆಸಿದರೆ ಸಾಕು, ದ್ರವದಲ್ಲಿ ಮುಳುಗಿಸಬಾರದು. ಪ್ರತಿ ರೋಗಿಯ ನಂತರ ಡಯಾಫ್ರಮ್ ಒರೆಸುವುದನ್ನು ನಮ್ಮಲ್ಲಿ ಬಹಳ ಮಂದಿ ಅಲಕ್ಷಿಸುತ್ತಾರೆ. ಜಿನೀವಾದ ಆಸ್ಪತ್ರೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ರೋಗಿಯನ್ನು ಪರೀಕ್ಷಿಸಿದ ನಂತರ ವೈದ್ಯರ ಬೆರಳ ತುದಿಗಳನ್ನು ಬಿಟ್ಟರೆ ಕೈಯ ಉಳಿದ ಭಾಗಗಳಿಗಿಂತ ಡಯಾಫ್ರಮ್ಮಿನ ಮೇಲೆಯೇ ಹೆಚ್ಚು ರೋಗಾಣುಗಳು ಕಂಡಿದ್ದವು.

ಕೊರತೆಗಳೂ ಇವೆ. ಟ್ಯೂಬಿನೊಳಗೆ ಒಂದೇ ನಾಳವಿದೆ; ಇದೇ ಕಂಪನಿಯ ಕಾರ್ಡಿಯಾಲಜಿ 4ರಲ್ಲಿ ಎರಡು ನಾಳಗಳಿದ್ದು, ಗದ್ದಲದ ಐಸಿಯುನಲ್ಲಿ ಅದರ ಧ್ವನಿ ನಿಸ್ಸಂದೇಹವಾಗಿ ಹೆಚ್ಚು ತುಂಬಿಕೊಂಡಿರುತ್ತದೆ. ಆದರೆ ಅದು ಇನ್ನಷ್ಟು ಭಾರ, ಬೆಲೆಯಲ್ಲೂ ದೊಡ್ಡ ಅಂತರ. ಇಡೀ ದಿನ ಓಪಿ, ವಾರ್ಡು ಎಂದು ಓಡಾಡುವವರ ಕತ್ತಿಗೆ ಆ ಭಾರ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ಕ್ಲಾಸಿಕ್ 3ರ ಬೆಲೆಯೇನೂ ಕಡಿಮೆಯಲ್ಲ, ದೇಶೀಯ ತಯಾರಿಕೆಗಳ ಹಲವು ಪಟ್ಟು. ಎಂಬಿಬಿಎಸ್ ಮೊದಲ ವರ್ಷದಲ್ಲೇ ಮಗನಿಗೋ ಮಗಳಿಗೋ ಇದನ್ನು ಕೊಡಿಸುವ ತಂದೆತಾಯಂದಿರಿಗೆ ನನ್ನ ಸಲಹೆ, ಕ್ಲಿನಿಕಲ್ ಪೋಸ್ಟಿಂಗ್ ಶುರುವಾಗುವ ತನಕ ತಡೆಯಿರಿ. ಅಲ್ಲಿಯವರೆಗೆ ಸಾಧಾರಣವಾದದ್ದು ಸಾಕು, ಹಾಸ್ಟೆಲಿನಲ್ಲಿ ಕಳೆದುಹೋಗುವ ಭಯವೂ ಕಡಿಮೆ. ಕಳೆದುಹೋಗುವುದೆಂದರೆ ವಾರ್ಡಿನಲ್ಲೂ ಅಷ್ಟೇ, ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲೆ ಬಿಟ್ಟದ್ದು ಮತ್ತೆ ಅಲ್ಲೇ ಸಿಗುವುದಿಲ್ಲ. ಆದ್ದರಿಂದ ಹೆಸರು ಕೆತ್ತಿಸುವುದನ್ನು ಆಡಂಬರವೆಂದು ನಾನು ತಿಳಿಯುವುದಿಲ್ಲ.

ಕೊಳ್ಳುವಾಗ ಎಚ್ಚರ ಬೇಕು, ಏಕೆಂದರೆ ಈ ಹೆಸರಿನ ನಕಲಿಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಅರ್ಧ ಬೆಲೆಗೆ ಸಿಗುವುದನ್ನು ಬಿಟ್ಟುಬಿಡಿ, ಅಧಿಕೃತ ಮಾರಾಟಗಾರರಿಂದ ಬಿಲ್ ಸಹಿತ ಕೊಳ್ಳಿ, ಲೋಹದ ಮೇಲಿನ ಸೀರಿಯಲ್ ಸಂಖ್ಯೆಯನ್ನು ನೋಡಿಕೊಳ್ಳಿ. ಡಯಾಫ್ರಮ್, ಅದರ ಸುತ್ತಿನ ಉಂಗುರ, ಕಿವಿಯ ತುದಿಗಳು ಬಿಡಿಯಾಗಿಯೂ ಸಿಗುತ್ತವೆ, ಕೈಯಲ್ಲೇ ಬದಲಿಸಬಹುದು.

ನನ್ನ ವಯಸ್ಸಿನವರು ಕೇಳುವ ಕೊನೆಯ ಪ್ರಶ್ನೆ, ಕಿವಿ ಮಂದವಾಗುತ್ತಿರುವಾಗ ಇದು ಪ್ರಯೋಜನಕ್ಕೆ ಬರುತ್ತದೆಯೇ ಎಂಬುದು. ವಯಸ್ಸಿನಿಂದ ಮೊದಲು ಕುಂದುವುದು ತಾರ ಸ್ವರಗಳನ್ನು ಕೇಳುವ ಶಕ್ತಿ. ಹೃದಯದ ಶಬ್ದಗಳು ಬಹುತೇಕ 500 ಹರ್ಟ್ಸ್‌ಗಿಂತ ಕೆಳಗಿನವಾದ್ದರಿಂದ ಅವು ಬಹುಕಾಲ ಕೈಬಿಡುವುದಿಲ್ಲ. ಮೊದಲು ಸಂಶಯಕ್ಕೆ ಬೀಳುವುದು ಶ್ವಾಸಕೋಶದ ಬುಡದ ಸಣ್ಣ ಕ್ರೆಪಿಟೇಷನ್‌ಗಳು. ಅವುಗಳ ವಿಷಯದಲ್ಲಿ ಅನುಮಾನ ಆರಂಭವಾದವರು ಶ್ರವಣ ಪರೀಕ್ಷೆ ಮಾಡಿಸಿಕೊಂಡು, ಧ್ವನಿ ಹಿಗ್ಗಿಸುವ ಡಿಜಿಟಲ್ ಸ್ಟೆತಾಸ್ಕೋಪಿನ ಕಡೆ ನೋಡುವುದು ಸರಿ. ಉಳಿದವರು ಕ್ಲಾಸಿಕ್ 3ರಲ್ಲೇ ಮುಂದುವರಿಯಬಹುದು.